ಫೈಲ್ ಓದುವ ಲೂಪ್ ಕೈಕೊಟ್ಟರೆ: ಜಾವಾ ಕಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ಫೈಲಿನಿಂದ ಸಾಲು ಸಾಲಾಗಿ ಓದಿ ಲೆಕ್ಕ ಹಾಕುವ ಪ್ರೋಗ್ರಾಂ ಕೆಟ್ಟಿತೆಂದರೆ ತಪ್ಪು ಮೂರರಲ್ಲಿ ಒಂದು ಕಡೆ ಇರುತ್ತದೆ. ಫೈಲ್ ತೆರೆಯುವ ಜಾಗದಲ್ಲಿ, ಲೂಪ್ ಸುತ್ತುವ ಜಾಗದಲ್ಲಿ, ಇಲ್ಲವೇ ಓದಿದ ಸಾಲನ್ನು ಒಡೆದು ಸಂಖ್ಯೆ ಮಾಡಿಕೊಳ್ಳುವ ಜಾಗದಲ್ಲಿ. ಯಾವುದೆಂದು ತಿಳಿಯುವ ಮೊದಲೇ ಕೋಡ್ ತಿದ್ದಲು ಕೂತರೆ ಸರಿಯಿದ್ದದ್ದೂ ಕೆಡುತ್ತದೆ. ಆದ್ದರಿಂದ ಮೊದಲು ಜಾಗ ಹುಡುಕೋಣ, ತಿದ್ದುವುದು ಆಮೇಲೆ.

ಇಲ್ಲಿ ಜಾವಾದ ಪದಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಉದಾಹರಣೆಗೆ ಐದು ಸಾಲಿನ ಒಂದು ಫೈಲ್ ಇಟ್ಟುಕೊಳ್ಳಿ. ಹೆಸರು ಮಾರ್ಕ್ಸ್ ಡಾಟ್ ಟಿಎಕ್ಸ್‌ಟಿ.

101,ಸವಿತಾ,78
102,ರಾಮ,64
103,ಫಾತಿಮಾ,91
104,ಜೋಸೆಫ್,55
105,ಗಂಗಾ,70

ಒಟ್ಟು 358, ಸರಾಸರಿ 71.6 ಬರಬೇಕು. ಉತ್ತರ ಕೈಯಲ್ಲಿ ಲೆಕ್ಕ ಹಾಕಿ ಗೊತ್ತಿರುವ ಚಿಕ್ಕ ಫೈಲಿನಲ್ಲೇ ಪರೀಕ್ಷಿಸಿ. ಐನೂರು ಸಾಲಿನ ಫೈಲಿನಲ್ಲಿ ಉತ್ತರ ತಪ್ಪಿದರೆ ತಪ್ಪಿದೆ ಎನ್ನುವುದೇ ಗೊತ್ತಾಗುವುದಿಲ್ಲ.

ಮೊದಲು ಮೂರು ಕಡೆ ಪ್ರಿಂಟ್ ಹಾಕಿ

ಲೂಪ್‌ಗೆ ಮುಂಚೆ, ನೀವು ತೆರೆಯುತ್ತಿರುವ ಫೈಲ್ ಆಬ್ಜೆಕ್ಟಿನ ಗೆಟ್‌ಅಬ್ಸಲ್ಯೂಟ್‌ಪಾತ್(), ಎಕ್ಸಿಸ್ಟ್ಸ್() ಮತ್ತು ಲೆಂಗ್ತ್() ಈ ಮೂರನ್ನೂ ಪ್ರಿಂಟ್ ಮಾಡಿ. ಲೂಪ್ ಒಳಗೆ, ಪ್ರತಿ ಸುತ್ತಿಗೆ ಒಂದು ಏರುವ ಎಣಿಕೆಯನ್ನೂ ಓದಿದ ಸಾಲನ್ನೂ ಪ್ರಿಂಟ್ ಮಾಡಿ. ಸಾಲನ್ನು ಚೌಕ ಆವರಣದೊಳಗೆ ಹಾಕುವುದು ಮುಖ್ಯ, ಏಕೆಂದರೆ [78 ] ಎಂದು ಕಂಡಾಗ ಕೊನೆಯ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ಬರೀ 78 ಎಂದರೆ ಬೀಳುವುದಿಲ್ಲ. ಲೂಪ್ ಮುಗಿದ ಮೇಲೆ, ಮುಗಿಯಿತು ಎಂಬ ಮಾತನ್ನೂ ಕೊನೆಯ ಎಣಿಕೆಯನ್ನೂ ಪ್ರಿಂಟ್ ಮಾಡಿ.

ಇಷ್ಟರಿಂದಲೇ ದಾರಿ ಬೇರೆಯಾಗುತ್ತದೆ. ಎಕ್ಸಿಸ್ಟ್ಸ್ ಫಾಲ್ಸ್ ಎಂದರೆ ತಕರಾರು ಫೈಲಿನ ದಾರಿಯದು (ಪಾತ್), ಲೂಪ್ ಮುಟ್ಟಬೇಡಿ. ಎಣಿಕೆ 0 ಆದರೆ ಫೈಲ್ ಖಾಲಿ ಅಥವಾ ಲೂಪಿನ ಷರತ್ತು ತಪ್ಪು. ಎಣಿಕೆ 5ಕ್ಕಿಂತ ಕಡಿಮೆಯಾದರೆ ಒಂದು ಸುತ್ತಿನಲ್ಲಿ ಎರಡು ಸಲ ಓದುತ್ತಿದ್ದೀರಿ, ಇಲ್ಲವೇ ಓದು ನಡುವೆ ನಿಂತಿದೆ. 6 ಬಂದರೆ ಕೊನೆಯಲ್ಲಿ ಖಾಲಿ ಸಾಲಿದೆ. 5 ಸರಿಯಾಗಿ ಬಂದು ಒಟ್ಟು ಮೊತ್ತ ತಪ್ಪಿದರೆ ತಪ್ಪಿರುವುದು ಲೆಕ್ಕದಲ್ಲಿ. ಎಕ್ಸೆಪ್ಷನ್, ಅಂದರೆ ಓಡುವಾಗ ಜಾವಾ ಎಸೆಯುವ ತಪ್ಪಿನ ಸೂಚನೆ, ಬಂದರೆ ಕೆಂಪು ಸಾಲುಗಳ ರಾಶಿಯಲ್ಲಿ ಮೊದಲ ಸಾಲಿನ ಸಂದೇಶ ಓದಿ, ನಂತರ ಕೆಳಗಿಳಿಯುತ್ತ ನಿಮ್ಮದೇ ಕೋಡ್ ಫೈಲಿನ ಹೆಸರು ಮೊದಲು ಕಾಣುವ ಸಾಲು ಹುಡುಕಿ. ಅದರ ಪಕ್ಕದ ಸಂಖ್ಯೆಯೇ ತಪ್ಪು ಹೊರಬಿದ್ದ ಸಾಲು. ಮೇಲಿರುವವು ಜಾವಾ ಲೈಬ್ರರಿಯ ಒಳಗಿನ ಸಾಲುಗಳು, ಅಲ್ಲಿ ಹುಡುಕಿ ಪ್ರಯೋಜನವಿಲ್ಲ.

ಫೈಲ್‌ನಾಟ್‌ಫೌಂಡ್‌ಎಕ್ಸೆಪ್ಷನ್

ಬರೀ ಹೆಸರು ಕೊಟ್ಟರೆ ಜಾವಾ ಅದನ್ನು ಚಾಲ್ತಿ ಫೋಲ್ಡರ್‌ನಲ್ಲಿ ಹುಡುಕುತ್ತದೆ. ನಿಮ್ಮ ಕೋಡ್ ಇರುವ ಫೋಲ್ಡರ್ ಬೇರೆ, ಚಾಲ್ತಿ ಫೋಲ್ಡರ್ ಬೇರೆ. ಕಮಾಂಡ್ ಪ್ರಾಂಪ್ಟಿನಿಂದ ರನ್ ಮಾಡಿದರೆ ಕಮಾಂಡ್ ಕೊಟ್ಟಾಗ ನೀವಿದ್ದ ಫೋಲ್ಡರ್. ಎಕ್ಲಿಪ್ಸ್ ಮತ್ತು ಇಂಟೆಲಿಜೆಯಲ್ಲಿ ಬೇರೆ ಸೆಟ್ಟಿಂಗ್ ಮಾಡದಿದ್ದರೆ ಪ್ರಾಜೆಕ್ಟಿನ ಬುಡದ ಫೋಲ್ಡರ್. ಎಸ್‌ಆರ್‌ಸಿ ಫೋಲ್ಡರ್ ಒಳಗೆ ಕೋಡ್ ಪಕ್ಕದಲ್ಲೇ ಮಾರ್ಕ್ಸ್ ಫೈಲ್ ಇಟ್ಟು ಸಿಗುತ್ತಿಲ್ಲವೆಂದು ಪರದಾಡುವುದು ಹೊಸಬರಲ್ಲಿ ತುಂಬಾ ಸಾಮಾನ್ಯ. ಫೈಲನ್ನು ಒಂದು ಹಂತ ಮೇಲೆ ತಂದಿಡಿ, ಅಥವಾ ಹೆಸರಿನ ಮುಂದೆ ಎಸ್‌ಆರ್‌ಸಿ/ ಸೇರಿಸಿ.

ದಾರಿ ಸರಿಯಿದ್ದೂ ಸಿಗದಿದ್ದರೆ ಹೆಸರು ನೋಡಿ. ವಿಂಡೋಸ್ ಫೈಲಿನ ಬಾಲವನ್ನು ಮರೆಮಾಡಿ ತೋರಿಸುವುದರಿಂದ, ನೋಟ್‌ಪ್ಯಾಡಿನಲ್ಲಿ ಸೇವ್ ಮಾಡಿದ ಫೈಲಿನ ನಿಜ ಹೆಸರು ಮಾರ್ಕ್ಸ್ ಡಾಟ್ ಟಿಎಕ್ಸ್‌ಟಿ ಡಾಟ್ ಟಿಎಕ್ಸ್‌ಟಿ ಆಗಿರಬಹುದು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿದರೆ ನಿಜ ಬಯಲಾಗುತ್ತದೆ. ಲಿನಕ್ಸಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ವಿಂಡೋಸಿನಲ್ಲಿ ಒಂದೇ. ಮನೆಯ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಉಬುಂಟು ಹಾಕಿದ ಕಾಲೇಜ್ ಲ್ಯಾಬಿನಲ್ಲಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಪೂರ್ತಿ ದಾರಿ ಬರೆಯುವಾಗ ಬ್ಯಾಕ್‌ಸ್ಲ್ಯಾಷ್ ತೊಂದರೆ ಕೊಡುತ್ತದೆ. ಸ್ಟ್ರಿಂಗ್ ಒಳಗೆ ಅದರ ಬಳಿಕ ಸಣ್ಣ ಎನ್ ಬಂದರೆ ಹೊಸ ಸಾಲು, ಸಣ್ಣ ಟಿ ಬಂದರೆ ಟ್ಯಾಬ್. ಇವೆರಡೂ ಕಂಪೈಲ್ ಆಗಿಬಿಡುತ್ತವೆ, ರನ್ ಆಗುವಾಗ ಕೈಕೊಡುತ್ತವೆ. ಯೂಸರ್ಸ್ ಫೋಲ್ಡರ್ ಹೆಸರಿನ ಯು ಸಣ್ಣದಿದ್ದರೆ ಇಲ್ಲೀಗಲ್ ಯೂನಿಕೋಡ್ ಎಸ್ಕೇಪ್ ಎಂಬ ಎರರ್. ಎಲ್ಲಕ್ಕೂ ಒಂದೇ ಪರಿಹಾರ: ಮುಂದಕ್ಕೆ ವಾಲಿದ ಸ್ಲ್ಯಾಷ್ ಬಳಸಿ. ವಿಂಡೋಸಿನಲ್ಲೂ ಜಾವಾ ಅದನ್ನು ಒಪ್ಪುತ್ತದೆ.

ಅನ್‌ರಿಪೋರ್ಟೆಡ್ ಎಕ್ಸೆಪ್ಷನ್ ಎಂದು ಕಂಪೈಲರ್ ಹೇಳಿದರೆ ಫೈಲ್ ಇಲ್ಲ ಎಂದರ್ಥವಲ್ಲ, ಇಲ್ಲದಿದ್ದರೆ ಏನು ಮಾಡುತ್ತೀಯ ಎಂದು ಅದು ಕೇಳುತ್ತಿದೆ ಅಷ್ಟೇ. ಕಲಿಯುವ ಹಂತದಲ್ಲಿ ಮೇನ್ ಮೆಥಡ್‌ಗೆ ಥ್ರೋಸ್ ಐಒಎಕ್ಸೆಪ್ಷನ್ ಸೇರಿಸಿದರೆ ಸಾಕು. ಕ್ಯಾಚ್ ಬರೆದು ಒಳಗೆ ಏನೂ ಬರೆಯದೆ ಬಿಡುವುದನ್ನು ಮಾತ್ರ ಎಂದೂ ಮಾಡಬೇಡಿ. ಖಾಲಿ ಕ್ಯಾಚ್ ಇದ್ದರೆ ಪ್ರೋಗ್ರಾಂ ಏನೂ ಹೇಳದೆ ಮುಗಿಯುತ್ತದೆ, ಇರುವ ಒಂದೇ ಸುಳಿವೂ ಅಳಿಸಿಹೋಗುತ್ತದೆ.

ಒಂದೇ ಸಾಲು ಬಂತು, ಅದೂ ಫೈಲಿನ ಹೆಸರು

ಎಣಿಕೆ 1, ಆವರಣದೊಳಗೆ ಫೈಲಿನ ಹೆಸರೇ ಕಂಡರೆ ಕಾರಣ ಖಚಿತ. ಓದುವ ಕೆಲಸ ಮಾಡುವ ಸ್ಕ್ಯಾನರ್‌ಗೆ ಫೈಲ್ ಆಬ್ಜೆಕ್ಟ್ ಕೊಡದೆ ಸ್ಟ್ರಿಂಗ್ ಕೊಟ್ಟಿದ್ದೀರಿ. ಸ್ಟ್ರಿಂಗ್ ಕೊಟ್ಟರೆ ಅದು ಆ ಅಕ್ಷರಗಳನ್ನೇ ಓದುತ್ತದೆ, ಆ ಹೆಸರಿನ ಫೈಲನ್ನಲ್ಲ. ನ್ಯೂ ಸ್ಕ್ಯಾನರ್(ನ್ಯೂ ಫೈಲ್("...")) ಎಂದು ತಿದ್ದಿ. ಎಕ್ಸೆಪ್ಷನ್ ಬಗ್ಗೆ ಕಂಪೈಲರ್ ಏನೂ ತಕರಾರು ತೆಗೆಯದೆ ಸ್ಕ್ಯಾನರ್ ತೆರೆದುಕೊಂಡಿತೆಂದರೆ ಅಲ್ಲೇ ಅನುಮಾನ ಬರಬೇಕು.

ಸಾಲುಗಳು ಬಿಟ್ಟುಹೋಗುತ್ತಿವೆ, ಅಥವಾ ಕೊನೆಯಲ್ಲಿ ನೋ ಲೈನ್ ಫೌಂಡ್

ಲೂಪಿನ ಹೆಚ್ಚಿನ ತಪ್ಪುಗಳು ಒಂದೇ ಬೇರಿನವು. ಹ್ಯಾಸ್‌ನೆಕ್ಸ್ಟ್‌ಲೈನ್() ಬಾಗಿಲ ಕಿಂಡಿಯಲ್ಲಿ ಇಣುಕಿದಂತೆ: ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತದೆ, ಒಳಗೆ ಕರೆಯುವುದಿಲ್ಲ. ನೆಕ್ಸ್ಟ್‌ಲೈನ್() ಕರೆದಾಗ ಒಂದು ಸಾಲು ಒಳಗೆ ಬರುತ್ತದೆ, ಮತ್ತೆ ಹೊರಗೆ ಹೋಗುವುದಿಲ್ಲ. ಹಾಗಾಗಿ ಒಂದು ಸುತ್ತಿಗೆ ಒಂದೇ ಸಲ ನೆಕ್ಸ್ಟ್‌ಲೈನ್ ಕರೆದು, ಬಂದದ್ದನ್ನು ಒಂದು ವೇರಿಯಬಲ್‌ಗೆ ಹಾಕಿ, ಆಮೇಲೆ ಎಷ್ಟು ಸಲ ಬೇಕಾದರೂ ಆ ವೇರಿಯಬಲ್ಲನ್ನೇ ಬಳಸಬೇಕು.

ಪ್ರಿಂಟ್ ಮಾಡಲು ಒಮ್ಮೆ, ಒಡೆಯಲು ಇನ್ನೊಮ್ಮೆ ನೆಕ್ಸ್ಟ್‌ಲೈನ್ ಕರೆದರೆ ನಮ್ಮ ಫೈಲಿನಲ್ಲಿ ತೆರೆಯ ಮೇಲೆ 101, 103, 105 ಕಾಣುತ್ತವೆ, ಮೊತ್ತಕ್ಕೆ ಸೇರುವುದು 102 ಮತ್ತು 104ರ ಅಂಕ, ಅಂದರೆ 119. ಮೂರನೇ ಸುತ್ತಿನಲ್ಲಿ ಗಂಗಾಳ ಸಾಲು ಪ್ರಿಂಟ್ ಆದ ಮೇಲೆ ಎರಡನೇ ಕರೆಗೆ ಸಾಲೇ ಉಳಿದಿಲ್ಲವಾದ್ದರಿಂದ ನೋಸಚ್‌ಎಲಿಮೆಂಟ್‌ಎಕ್ಸೆಪ್ಷನ್ ಬರುತ್ತದೆ, ಸಂದೇಶ ನೋ ಲೈನ್ ಫೌಂಡ್. ಫೈಲಿನಲ್ಲಿ ಆರು ಸಾಲಿದ್ದಿದ್ದರೆ ಎಕ್ಸೆಪ್ಷನ್ ಕೂಡ ಬರುತ್ತಿರಲಿಲ್ಲ, ತಪ್ಪು ಉತ್ತರ ಮಾತ್ರ ಬರುತ್ತಿತ್ತು. ಸಮಸಂಖ್ಯೆಯ ಸಾಲುಗಳಲ್ಲಿ ಸುಮ್ಮನಿದ್ದು ಬೆಸಸಂಖ್ಯೆಯಲ್ಲಿ ಕೆಡುವ ಪ್ರೋಗ್ರಾಂ ಕಂಡರೆ ಮೊದಲು ಈ ಎರಡು ಕರೆಗಳನ್ನು ಹುಡುಕಿ.

ಸ್ಕ್ಯಾನರ್ ಬದಲು ಬಫರ್ಡ್‌ರೀಡರ್ ಬಳಸುವವರಿಗೂ ಇದೇ ತಪ್ಪು ಬೇರೆ ರೂಪದಲ್ಲಿ ಬರುತ್ತದೆ. ವೈಲ್ ಷರತ್ತಿನೊಳಗೆ ರೀಡ್‌ಲೈನ್() != ನಲ್ ಎಂದು ಬರೆದು, ಒಳಗೆ ಮತ್ತೆ ರೀಡ್‌ಲೈನ್() ಕರೆದರೆ ಷರತ್ತಿನಲ್ಲಿ ಓದಿದ ಸಾಲು ಕಳೆದೇಹೋಯಿತು. ಕೊನೆಯ ಸುತ್ತಿನಲ್ಲಿ ಒಳಗಿನ ಕರೆಗೆ ನಲ್ ಸಿಕ್ಕಿ ನಲ್‌ಪಾಯಿಂಟರ್‌ಎಕ್ಸೆಪ್ಷನ್. ಸರಿಯಾದ ರೂಪ: ವೈಲ್ ((ಸಾಲು = ಬಿಆರ್.ರೀಡ್‌ಲೈನ್()) != ನಲ್). ಒಳಗಿನ ಜೋಡಿ ಆವರಣ ಬಿಟ್ಟರೆ ಹೋಲಿಕೆ ಮೊದಲು ನಡೆದು, ಬೂಲಿಯನ್ನನ್ನು ಸ್ಟ್ರಿಂಗ್ ಮಾಡಲಾಗದು ಎಂದು ಕಂಪೈಲರ್ ತಡೆಯುತ್ತದೆ.

ಕೇಳಿದ್ದು ಒಂದು, ತೆಗೆದದ್ದು ಇನ್ನೊಂದು ಆದಾಗಲೂ ಕೆಡುತ್ತದೆ. ಸಾಲಿಗೊಂದು ಸಂಖ್ಯೆ ಇರುವ ಫೈಲಿನಲ್ಲಿ ಹ್ಯಾಸ್‌ನೆಕ್ಸ್ಟ್‌ಲೈನ್ ಎಂದು ಕೇಳಿ ನೆಕ್ಸ್ಟ್‌ಇಂಟ್ ತೆಗೆದರೆ, ಕೊನೆಯ ಸಂಖ್ಯೆ ಓದಿದ ಮೇಲೂ ಅದರ ನಂತರದ ಎಂಟರ್ ಉಳಿದಿರುತ್ತದೆ. ಸಾಲು ಇದೆಯೇ ಎಂದರೆ ಇದೆ, ಸಂಖ್ಯೆ ಮಾತ್ರ ಇಲ್ಲ. ಫೈಲಿನ ಕೊನೆಯಲ್ಲಿ ಎಂಟರ್ ಒತ್ತಿರದಿದ್ದರೆ ಇದೇ ಕೋಡ್ ಸರಿಯಾಗಿ ಓಡುತ್ತದೆ. ಗೆಳೆಯನ ಫೈಲಿನಲ್ಲಿ ಬಂದ ಉತ್ತರ ನಿಮ್ಮದರಲ್ಲಿ ಬಾರದಿದ್ದರೆ ಆ ಒಂದು ಎಂಟರ್ ಕಡೆ ನೋಡಿ. ನೆಕ್ಸ್ಟ್‌ಇಂಟ್‌ಗೆ ಹ್ಯಾಸ್‌ನೆಕ್ಸ್ಟ್‌ಇಂಟ್, ನೆಕ್ಸ್ಟ್‌ಲೈನ್‌ಗೆ ಹ್ಯಾಸ್‌ನೆಕ್ಸ್ಟ್‌ಲೈನ್, ಹೀಗೆ ಜೋಡಿ ತಪ್ಪದಿರಲಿ.

ಹ್ಯಾಸ್‌ನೆಕ್ಸ್ಟ್‌ಇಂಟ್‌ಗೂ ಒಂದು ಗುಣವಿದೆ. ಸಂಖ್ಯೆಯಲ್ಲದ್ದು ಎದುರಾದ ಕೂಡಲೇ ಫಾಲ್ಸ್ ಹೇಳಿ ಲೂಪ್ ಮುಗಿಸುತ್ತದೆ, ಎರರ್ ಕೊಡುವುದಿಲ್ಲ. ಸ್ಕ್ಯಾನರ್ ಪದಗಳನ್ನು ಬೇರ್ಪಡಿಸುವುದು ಖಾಲಿ ಜಾಗದಿಂದ, ಕಾಮಾದಿಂದ ಅಲ್ಲ. ನಮ್ಮ ಫೈಲಿನ ಮೊದಲ ಸಾಲು ಅದಕ್ಕೆ ಒಂದೇ ಪದ, ಅದು ಸಂಖ್ಯೆಯಲ್ಲ, ಹಾಗಾಗಿ ಎಣಿಕೆ 0. ಇದನ್ನು ತಿದ್ದಲು ಯೂಸ್‌ಡಿಲಿಮಿಟರ್‌ಗೆ ಕಾಮಾ ಕೊಟ್ಟರೆ ಹೊಸ ಪೇಚು: ಈಗ ಎಂಟರ್ ಬೇರ್ಪಡಿಸುವ ಚಿಹ್ನೆಯಾಗಿ ಉಳಿಯದೆ, 78, ಎಂಟರ್ ಮತ್ತು 102 ಸೇರಿ ಒಂದೇ ತುಂಡಾಗುತ್ತವೆ. ಕಾಮಾ ಇರುವ ಫೈಲಿಗೆ ಸಾಲು ಪೂರ್ತಿ ಓದಿ ಸ್ಪ್ಲಿಟ್ ಮಾಡುವುದೇ ಒಳ್ಳೆಯದು.

ಫೈಲಿನ ಮೊದಲ ಸಾಲಿನಲ್ಲಿ 5 ಎಂದು ವಿದ್ಯಾರ್ಥಿಗಳ ಸಂಖ್ಯೆ ಬರೆದಿಟ್ಟು, ಅದನ್ನು ನೆಕ್ಸ್ಟ್‌ಇಂಟ್‌ನಿಂದ ಓದಿ, ಮುಂದೆ ನೆಕ್ಸ್ಟ್‌ಲೈನ್ ಬಳಸಿದರೆ ಮೊದಲ ಸಾಲು [] ಎಂದು ಖಾಲಿ ಬರುತ್ತದೆ. ನೆಕ್ಸ್ಟ್‌ಇಂಟ್ 5ನ್ನು ತೆಗೆದುಕೊಂಡು ಎಂಟರ್ ಬಿಟ್ಟಿತು, ನೆಕ್ಸ್ಟ್‌ಲೈನ್ ಆ ಉಳಿಕೆಯನ್ನೇ ಒಂದು ಸಾಲೆಂದು ತಂದುಕೊಟ್ಟಿತು. ಎರಡನ್ನೂ ಬೆರೆಸದೆ, ಎಲ್ಲವನ್ನೂ ನೆಕ್ಸ್ಟ್‌ಲೈನ್‌ನಿಂದ ಓದಿ, ಸಂಖ್ಯೆ ಬೇಕಾದಲ್ಲಿ ಇಂಟೀಜರ್.ಪಾರ್ಸ್‌ಇಂಟ್ ಬಳಸಿ.

ಸಾಲು ಎಣಿಸಿ ಅರೇ ಮಾಡಿಕೊಂಡು ಎರಡನೇ ಲೂಪಿನಲ್ಲಿ ತುಂಬುವವರಿಗೆ ಎರಡನೇ ಲೂಪಿನಲ್ಲಿ ಏನೂ ಸಿಗುವುದಿಲ್ಲ. ಸ್ಕ್ಯಾನರ್ ಫೈಲಿನ ಕೊನೆಯಲ್ಲಿ ನಿಂತಿದೆ, ತಾನಾಗಿ ಹಿಂದಕ್ಕೆ ಬರುವುದಿಲ್ಲ. ಹೊಸ ಸ್ಕ್ಯಾನರ್ ತೆರೆಯಿರಿ, ಅಥವಾ ಅರೇಲಿಸ್ಟ್ ಬಳಸಿದರೆ ಎಣಿಸುವ ಕೆಲಸವೇ ಉಳಿಯುವುದಿಲ್ಲ. ಅರೇ ಮೇಲಿನ ಫಾರ್ ಲೂಪಿನಲ್ಲಿ ಇಂಡೆಕ್ಸ್ 5 ಔಟ್ ಆಫ್ ಬೌಂಡ್ಸ್ ಫಾರ್ ಲೆಂಗ್ತ್ 5 ಎಂದು ಬಂದರೆ ಷರತ್ತಿನಲ್ಲಿ < ಇರಬೇಕಾದಲ್ಲಿ <= ಇದೆ.

ಪ್ರೋಗ್ರಾಂ ಮುಗಿಯುತ್ತಲೇ ಇಲ್ಲ

ಲೂಪ್ ಸುತ್ತುತ್ತಿದೆಯೋ, ಪ್ರೋಗ್ರಾಂ ಏನನ್ನಾದರೂ ಕಾಯುತ್ತಿದೆಯೋ ಎಂದು ಮೊದಲು ತಿಳಿಯಿರಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಾವಾದ ಸಿಪಿಯು ಬಳಕೆ ಸೊನ್ನೆಯ ಹತ್ತಿರ ಇದ್ದರೆ ಅದು ಕೀಬೋರ್ಡಿನಿಂದ ಬರುವುದನ್ನು ಕಾಯುತ್ತಿದೆ. ಸ್ಕ್ಯಾನರ್‌ಗೆ ಫೈಲ್ ಬದಲು ಸಿಸ್ಟಂ.ಇನ್ ಕೊಟ್ಟಿರಬಹುದು. ನಾಲ್ಕು ಕೋರ್ ಇರುವ ಯಂತ್ರದಲ್ಲಿ ಸುಮಾರು 25 ಶೇಕಡ ತೋರಿಸುತ್ತಿದ್ದರೆ ಒಂದು ಕೋರ್ ಪೂರ್ತಿ ದುಡಿಯುತ್ತಿದೆ, ಅಂದರೆ ಕೊನೆಯಿಲ್ಲದ ಲೂಪ್. ಕಮಾಂಡ್ ಪ್ರಾಂಪ್ಟಿನಲ್ಲಿ ಜೆಪಿಎಸ್ ಕೊಟ್ಟು ಪ್ರೋಗ್ರಾಮಿನ ಸಂಖ್ಯೆ ತಿಳಿದು, ಜೆಸ್ಟ್ಯಾಕ್ ಜೊತೆ ಆ ಸಂಖ್ಯೆ ಕೊಡಿ. ಮೇನ್ ಎಂಬ ಥ್ರೆಡ್ಡಿನ ಕೆಳಗೆ ನಿಮ್ಮ ಫೈಲಿನ ಯಾವ ಸಾಲಿನಲ್ಲಿ ಸಿಕ್ಕಿಕೊಂಡಿದೆ ಎಂಬುದು ಕಾಣುತ್ತದೆ. ಎರಡೂ ಜೆಡಿಕೆ ಜೊತೆಗೇ ಬಂದಿರುತ್ತವೆ.

ವೈಲ್ ಆವರಣದ ಬೆನ್ನಿಗೆ ಒಂದು ; ಬಿದ್ದಿದೆಯೇ ನೋಡಿ. ಆ ಅರ್ಧವಿರಾಮವೇ ಲೂಪಿನ ದೇಹವಾಗಿಬಿಡುತ್ತದೆ. ಹ್ಯಾಸ್‌ನೆಕ್ಸ್ಟ್‌ಲೈನ್ ಕೇಳುತ್ತಲೇ ಇರುತ್ತದೆ, ಓದುವವರು ಯಾರೂ ಇಲ್ಲ. ರೀಡ್‌ಲೈನ್ ಲೂಪಿಗೆ ; ಬಿದ್ದರೆ ಫೈಲ್ ಪೂರ್ತಿ ಓದಿ ಬಿಸಾಡಿ, ಕೊನೆಗೆ ನಲ್ ಹಿಡಿದುಕೊಂಡು ಬ್ಲಾಕ್ ಒಂದು ಸಲ ನಡೆಯುತ್ತದೆ. ಫಾರ್ ಲೂಪಿನಲ್ಲಾದರೆ ಬ್ಲಾಕ್ ಒಂದೇ ಸಲ ನಡೆಯುತ್ತದೆ, ಅಥವಾ ಒಳಗೆ ಐ ಬಳಸಿದ್ದರೆ ಕ್ಯಾನಾಟ್ ಫೈಂಡ್ ಸಿಂಬಲ್ ಬರುತ್ತದೆ.

ಇನ್ನೊಂದು ಕಾರಣ ಸ್ವಲ್ಪ ಒಳಗಡೆ ಅಡಗಿದೆ. ನೆಕ್ಸ್ಟ್‌ಇಂಟ್ ಸೋತು ಇನ್‌ಪುಟ್‌ಮಿಸ್‌ಮ್ಯಾಚ್‌ಎಕ್ಸೆಪ್ಷನ್ ಎಸೆದಾಗ ಆ ಪದವನ್ನು ತೆಗೆದುಕೊಳ್ಳುವುದಿಲ್ಲ. ಅದು ಅಲ್ಲೇ ಇರುತ್ತದೆ. ಲೂಪಿನೊಳಗೆ ಟ್ರೈ ಕ್ಯಾಚ್ ಬರೆದು ತಪ್ಪು ಎಂದು ಪ್ರಿಂಟ್ ಮಾಡಿ ಮುಂದುವರಿದರೆ, ಮುಂದಿನ ಸುತ್ತಿನಲ್ಲೂ ಅದೇ ಪದ, ಅದೇ ತಪ್ಪು, ಕೊನೆಯೇ ಇಲ್ಲ. ಕ್ಯಾಚ್ ಒಳಗೆ ನೆಕ್ಸ್ಟ್() ಕರೆದು ಆ ಪದವನ್ನು ದಾಟಿಸಬೇಕು. ಹ್ಯಾಸ್‌ನೆಕ್ಸ್ಟ್ ಲೂಪಿನೊಳಗೆ ಇಫ್ ಹ್ಯಾಸ್‌ನೆಕ್ಸ್ಟ್‌ಇಂಟ್ ಎಂದು ಮಾತ್ರ ಬರೆದು ಎಲ್ಸ್ ಬಿಟ್ಟಿದ್ದರೂ ಇದೇ ಕಥೆ.

ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಷನ್ ಮತ್ತು ಒಡೆಯುವ ತಪ್ಪುಗಳು

ಸಂದೇಶದಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಏನಿದೆ ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ. "78 " ಎಂದಿದ್ದರೆ ಟ್ರಿಮ್() ಹಾಕಿ. "" ಎಂದಿದ್ದರೆ ಖಾಲಿ ಸಾಲು; ಜಾವಾ 11ರಿಂದ ಈಚೆಗೆ ಇಸ್‌ಬ್ಲ್ಯಾಂಕ್() ಇದೆ, ಅದು ಟ್ರೂ ಆದರೆ ಕಂಟಿನ್ಯೂ ಮಾಡಿ. "78.5" ಆದರೆ ಡಬಲ್.ಪಾರ್ಸ್‌ಡಬಲ್ ಬೇಕು. "101" ಎಂದು ಕಣ್ಣಿಗೆ ಸರಿಯಾಗಿಯೇ ಕಂಡು, ಮೊದಲ ಸಾಲಿನಲ್ಲಿ ಮಾತ್ರ ಕೆಡುತ್ತಿದ್ದರೆ ಅದರ ಮುಂದೆ ಬಿಒಎಂ ಎಂಬ ಕಾಣದ ಗುರುತಿದೆ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಎಂದು ಸೇವ್ ಮಾಡಿದ ಫೈಲಿನಲ್ಲಿ ಇದು ಇರುತ್ತದೆ. ಆ ತುಣುಕಿನ ಲೆಂಗ್ತ್ ಪ್ರಿಂಟ್ ಮಾಡಿ: 3ರ ಬದಲು 4 ಬಂದರೆ ಅದೇ. ಟ್ರಿಮ್ ಆಗಲಿ ಸ್ಟ್ರಿಪ್ ಆಗಲಿ ಇದನ್ನು ತೆಗೆಯುವುದಿಲ್ಲ. ಮೊದಲ ಸಾಲಿಗೆ ಮಾತ್ರ ಸಬ್‌ಸ್ಟ್ರಿಂಗ್(1) ಬಳಸಿ.

ಸ್ಪ್ಲಿಟ್ ತನಗೆ ಕೊಟ್ಟದ್ದನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್, ಅಂದರೆ ಕೆಲವು ಚಿಹ್ನೆಗಳಿಗೆ ವಿಶೇಷ ಅರ್ಥವಿರುವ ಹುಡುಕು ಮಾದರಿ, ಎಂದು ಓದುತ್ತದೆ. ಚುಕ್ಕಿಯಿಂದ ಒಡೆದರೆ ಸೊನ್ನೆ ಉದ್ದದ ಅರೇ, ನೇರ ಗೀಟಿನಿಂದ ಒಡೆದರೆ ಒಂದೊಂದು ಅಕ್ಷರವೂ ಬೇರೆ. ಎರಡಕ್ಕೂ ಮುಂದೆ ಎರಡು ಬ್ಯಾಕ್‌ಸ್ಲ್ಯಾಷ್ ಬೇಕು. ಕೊನೆಯ ಖಾಲಿ ಭಾಗಗಳನ್ನು ಸ್ಪ್ಲಿಟ್ ಸುಮ್ಮನೆ ಕೈಬಿಡುತ್ತದೆ: ಪರೀಕ್ಷೆಗೆ ಬಾರದ ಜೋಸೆಫ್‌ನ ಸಾಲು 104,ಜೋಸೆಫ್, ಎಂದಿದ್ದರೆ ಸಿಗುವುದು ಎರಡೇ ಭಾಗ, ಇಂಡೆಕ್ಸ್ 2 ಕೇಳಿದಲ್ಲಿ ಎಕ್ಸೆಪ್ಷನ್. ಸ್ಪ್ಲಿಟ್(",", -1) ಎಂದು ಬರೆದರೆ ಮೂರು ಭಾಗ ಬರುತ್ತವೆ, ಕೊನೆಯದು ಖಾಲಿ. ಆ ಖಾಲಿಯನ್ನು ಸೊನ್ನೆ ಎಂದು ಲೆಕ್ಕಕ್ಕೆ ಸೇರಿಸಬೇಡಿ. ಗೈರುಹಾಜರಿ ಬೇರೆ, ಸೊನ್ನೆ ಅಂಕ ಬೇರೆ, ಸರಾಸರಿಯಲ್ಲಿ ಅದು ದೊಡ್ಡ ವ್ಯತ್ಯಾಸ ಮಾಡುತ್ತದೆ.

ಕನ್ನಡ ಅಂಕಿಗಳಲ್ಲಿ ಬರೆದ ಫೈಲ್ ಸಿಕ್ಕರೆ ಪಾರ್ಸ್‌ಇಂಟ್ ೭೮ ಅನ್ನು 78 ಎಂದೇ ಸರಿಯಾಗಿ ಓದುತ್ತದೆ. ಪಾರ್ಸ್‌ಡಬಲ್ ಮಾತ್ರ ೭೮.೫ ಅನ್ನು ಒಪ್ಪುವುದಿಲ್ಲ. ಅಕ್ಷರದಿಂದ '0' ಕಳೆದು ಅಂಕಿ ಪಡೆಯುವ ರೂಢಿಯ ಕೋಡ್ ೭ಕ್ಕೆ 3261 ಎಂದು ಕೊಡುತ್ತದೆ, ಕ್ಯಾರೆಕ್ಟರ್.ಗೆಟ್‌ನ್ಯೂಮರಿಕ್‌ವ್ಯಾಲ್ಯೂ ಬಳಸಿ.

ಕನ್ನಡ ಹೆಸರುಗಳು ಕೆಟ್ಟು ಕಾಣುತ್ತಿವೆ

ಕೆಟ್ಟಿರುವುದು ಓದುವಾಗಲೋ ತೋರಿಸುವಾಗಲೋ ಎಂದು ಬೇರ್ಪಡಿಸಲು ಲೆಂಗ್ತ್() ಸಾಕು. ರಾಮ ಎಂಬ ಸ್ಟ್ರಿಂಗಿನ ಲೆಂಗ್ತ್ 3: ರ, ಆಕಾರದ ದೀರ್ಘ, ಮ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಎನ್‌ಕೋಡಿಂಗ್ ಪದ್ಧತಿಯಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 9. ಲೆಂಗ್ತ್ 3 ಬಂದು ತೆರೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಓದಿದ್ದು ಸರಿಯಿದೆ, ಕನ್ಸೋಲಿನ ಸೆಟ್ಟಿಂಗ್ ತಪ್ಪು. 9 ಬಂದರೆ ಓದುವಾಗಲೇ ಎನ್‌ಕೋಡಿಂಗ್ ತಪ್ಪಿದೆ. 2022ರ ಮಾರ್ಚಿನಲ್ಲಿ ಬಂದ ಜಾವಾ 18ರಿಂದ ಡೀಫಾಲ್ಟ್ ಎನ್‌ಕೋಡಿಂಗ್ ಯುಟಿಎಫ್-8. ಅದಕ್ಕಿಂತ ಹಿಂದಿನ ಆವೃತ್ತಿಗಳು ಆಪರೇಟಿಂಗ್ ಸಿಸ್ಟಂ ಹೇಳಿದ್ದನ್ನು ಕೇಳುತ್ತಿದ್ದವು. ವಿಂಡೋಸಿನಲ್ಲಿ ಅದು ಹೆಚ್ಚಾಗಿ ವಿಂಡೋಸ್-1252. ಯಾವ ಆವೃತ್ತಿಯಾದರೂ ಸ್ಕ್ಯಾನರ್ ತೆರೆಯುವಾಗ ಎರಡನೇ ಆರ್ಗ್ಯುಮೆಂಟಾಗಿ "ಯುಟಿಎಫ್-8" ಕೊಟ್ಟುಬಿಡಿ.

ಇಲ್ಲಿ ಸ್ಕ್ಯಾನರ್‌ನ ಒಂದು ಅಪಾಯಕಾರಿ ನಡವಳಿಕೆ ತಿಳಿದಿರಲೇಬೇಕು. ಅರ್ಥವಾಗದ ಬೈಟ್ ಸಿಕ್ಕಾಗ ಅದು ಎಕ್ಸೆಪ್ಷನ್ನನ್ನು ನುಂಗಿಕೊಂಡು, ಫೈಲ್ ಮುಗಿಯಿತು ಎಂಬಂತೆ ಹ್ಯಾಸ್‌ನೆಕ್ಸ್ಟ್‌ಲೈನ್‌ಗೆ ಫಾಲ್ಸ್ ಹೇಳುತ್ತದೆ. ಕನ್ನಡದ ವಿರಾಮ ಚಿಹ್ನೆ, ಅಂದರೆ ಒತ್ತಕ್ಷರ ಮತ್ತು ಅರ್ಧಾಕ್ಷರಗಳಲ್ಲಿ ಬರುವ ್, ಯುಟಿಎಫ್-8ರಲ್ಲಿ 141 ಬೆಲೆಯ ಬೈಟಿನಿಂದ ಕೊನೆಯಾಗುತ್ತದೆ. ವಿಂಡೋಸ್-1252ರಲ್ಲಿ 141ಕ್ಕೆ ಯಾವ ಅಕ್ಷರವೂ ಇಲ್ಲ. ಹಳೆಯ ಜಾವಾದಲ್ಲಿ ಜೋಸೆಫ್‌ನ ಹೆಸರು ಓದನ್ನೇ ನಿಲ್ಲಿಸುವುದು ಹೀಗೆ. ಲೂಪ್ ಮುಗಿದ ಮೇಲೆ ಸ್ಕ್ಯಾನರ್‌ನ ಐಒಎಕ್ಸೆಪ್ಷನ್() ಪ್ರಿಂಟ್ ಮಾಡಿ: ನಲ್ ಬಂದರೆ ಫೈಲ್ ನಿಜವಾಗಿ ಮುಗಿದಿದೆ, ಬೇರೇನಾದರೂ ಬಂದರೆ ನಡುವೆ ನಿಂತಿದೆ. ಫೈಲ್ಸ್.ರೀಡ್‌ಆಲ್‌ಲೈನ್ಸ್ ಬಳಸಿದರೆ ಇಂಥ ತಪ್ಪು ಎಕ್ಸೆಪ್ಷನ್ ಆಗಿ ಬಾಯಿಬಿಡುತ್ತದೆ, ಚಿಕ್ಕ ಫೈಲುಗಳಿಗೆ ಅದೇ ಮೇಲು.

ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಫೈಲನ್ನು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಅಲ್ಲಿ ಕನ್ನಡ ಇರುವುದು ಫಾಂಟಿನ ಚಿತ್ರದಲ್ಲಿ, ಬೈಟುಗಳಲ್ಲಿ ಅಲ್ಲ. ಜಾವಾದಲ್ಲಿ ಏನು ತಿದ್ದಿದರೂ ಆಗದು. ಪರಿವರ್ತಕದಿಂದ ಫೈಲನ್ನು ಯೂನಿಕೋಡಿಗೆ ಬದಲಿಸಿ.

ಎಣಿಕೆ ಸರಿ, ಮೊತ್ತ ತಪ್ಪು

ಒಟ್ಟು 70 ಬಂದರೆ ಮೊತ್ತದ ವೇರಿಯಬಲ್ಲನ್ನು ಲೂಪಿನೊಳಗೆ ಪ್ರತಿ ಸಲ ಸೊನ್ನೆ ಮಾಡುತ್ತಿದ್ದೀರಿ. ಸರಾಸರಿ 71.0 ಬಂದರೆ ಎರಡು ಇಂಟ್‌ಗಳ ಭಾಗಾಕಾರ; ಭಾಗಿಸುವ ಮೊದಲೇ ಒಂದನ್ನು ಡಬಲ್ ಮಾಡಿ. ಕನಿಷ್ಠ ಅಂಕ ಯಾವಾಗಲೂ 0 ಬರುತ್ತಿದ್ದರೆ ಆರಂಭದ ಬೆಲೆ 0 ಇಟ್ಟಿದ್ದೀರಿ, ಮೊದಲ ವಿದ್ಯಾರ್ಥಿಯ ಅಂಕದಿಂದ ಶುರುಮಾಡಿ. ಫೈಲ್ ಇದ್ದೂ ಲೆಂಗ್ತ್ 0 ತೋರಿಸುತ್ತಿದ್ದರೆ ಅದೇ ಫೈಲಿಗೆ ಎಲ್ಲೋ ಫೈಲ್‌ರೈಟರ್ ತೆರೆದಿದ್ದೀರಿ. ತೆರೆದ ಕ್ಷಣವೇ ಅದು ಹಳೆಯದನ್ನೆಲ್ಲ ಅಳಿಸುತ್ತದೆ.

ತಿದ್ದಿದ ಮೇಲೆ ಐದು ಸಾಲಿನ ಫೈಲ್ ಜೊತೆಗೆ ಇನ್ನೂ ನಾಲ್ಕು ಫೈಲ್ ಕೊಟ್ಟು ಓಡಿಸಿ: ಪೂರ್ತಿ ಖಾಲಿ ಇರುವುದು, ಎಂಟರ್ ಇಲ್ಲದ ಒಂದೇ ಸಾಲಿನದು, ಕೊನೆಯಲ್ಲಿ ಎರಡು ಖಾಲಿ ಸಾಲಿರುವುದು, ನಡುವಿನ ಒಂದು ಸಾಲಿನಲ್ಲಿ ಅಂಕದ ಬದಲು ಅಕ್ಷರಗಳಿರುವುದು. ಖಾಲಿ ಫೈಲಿನಲ್ಲಿ ಸರಾಸರಿಗೆ ಸೊನ್ನೆಯಿಂದ ಭಾಗಿಸುವುದು ಎದುರಾಗುತ್ತದೆ. ಎಣಿಕೆ 0 ಆದರೆ ಸರಾಸರಿ ಲೆಕ್ಕ ಹಾಕದೆ, ದಾಖಲೆಗಳಿಲ್ಲ ಎಂದು ತಿಳಿಸುವ ಒಂದು ಇಫ್ ಅಲ್ಲಿ ಬೇಕು.